ಏದುಸಿರು ವಯಸ್ಸಿನದೋ, ಹೃದಯದ್ದೋ?



ಟೊಮೆಟೊ ಬುಟ್ಟಿ ಹೊತ್ತು ತೋಟದ ಬದು ದಾಟುವಷ್ಟರಲ್ಲಿ ಏದುಸಿರು. ಸಂಜೆಯಾದರೆ ಕಾಲು ಊತ. ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರುವುದು. ನಮ್ಮ ಮನೆಗಳಲ್ಲಿ ಇದಕ್ಕೆ ಎರಡೇ ಹೆಸರು: 'ವಯಸ್ಸಾಯಿತು', ಇಲ್ಲವೇ 'ಉಬ್ಬಸ'. ಮೂರನೆಯದೂ ಒಂದಿದೆ. ಅದು ಹೃದಯ ವೈಫಲ್ಯ. ವೈದ್ಯರು ಇದನ್ನು ಹೇಗೆ ಕಂಡುಹಿಡಿಯುತ್ತಾರೆಂದು ಈ ಸಲ ತಿಳಿಯೋಣ.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ಕೊಳವೆಬಾವಿಯ ಮೋಟಾರು ಓಡುತ್ತಿದ್ದರೂ ಕೊನೆಯ ಸಾಲಿಗೆ ನೀರು ಮುಟ್ಟದ ಹಾಗೆ, ಹೃದಯ ಬಡಿಯುತ್ತಿದ್ದರೂ ಮೈಗೆ ಬೇಕಾದಷ್ಟು ರಕ್ತ ತಳ್ಳಲಾರದು. ಆಗ ಶ್ವಾಸಕೋಶದಲ್ಲೂ ಕಾಲುಗಳಲ್ಲೂ ನೀರು ನಿಲ್ಲುತ್ತದೆ.

ಮೊದಲ ಪರೀಕ್ಷೆ ಮಾತು

ವೈದ್ಯರು ಮೊದಲು ಕೇಳುತ್ತಾರೆ: ಎಷ್ಟು ದೂರ ನಡೆದರೆ ಉಸಿರು ಹತ್ತುತ್ತದೆ? ಮಲಗಲು ಎಷ್ಟು ದಿಂಬು ಬೇಕು? ಕೆಲವೇ ದಿನಗಳಲ್ಲಿ ತೂಕ ಏರಿತೇ? ಉತ್ತರವನ್ನು ಮನೆಯಲ್ಲೇ ಯೋಚಿಸಿಕೊಂಡು ಹೋಗಿ. ಸೊಂಟನೋವಿಗೆಂದು ಔಷಧಿ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳನ್ನು ಮುಚ್ಚಿಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥವು ಮೈಯಲ್ಲಿ ನೀರು ನಿಲ್ಲಿಸಿ ಈ ಕಾಯಿಲೆಯನ್ನು ಕೆರಳಿಸುತ್ತವೆ.

ಬಳಿಕ ಬಿಪಿ, ನಾಡಿ ನೋಡುತ್ತಾರೆ. ಕತ್ತಿನ ರಕ್ತನಾಳ ಉಬ್ಬಿದೆಯೇ, ಎದೆಯಲ್ಲಿ ನೀರಿನ ಸದ್ದಿದೆಯೇ, ಕಾಲನ್ನು ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ಬರೆದುಕೊಡುವ ಪರೀಕ್ಷೆಗಳು

1. ಇಸಿಜಿ: ಬಡಿತದ ಲಯವನ್ನೂ ಹಿಂದೆ ಹೃದಯಾಘಾತವಾಗಿದ್ದರೆ ಅದರ ಗುರುತನ್ನೂ ತೋರಿಸಬಲ್ಲದು.

2. ಎದೆಯ ಎಕ್ಸ್‌ರೇ: ಹೃದಯ ದೊಡ್ಡದಾಗಿದೆಯೇ, ಶ್ವಾಸಕೋಶದಲ್ಲಿ ನೀರಿದೆಯೇ ಎಂದು ತಿಳಿಸುತ್ತದೆ.

3. ರಕ್ತ ಪರೀಕ್ಷೆ: ರಕ್ತಹೀನತೆ, ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ ನೋಡುತ್ತಾರೆ. ಏಕೆಂದರೆ ಕಾಲು ಊದಲು, ಉಸಿರು ಹತ್ತಲು ಬೇರೆ ಕಾರಣಗಳೂ ಇವೆ. ಹೃದಯಕ್ಕೆ ಒತ್ತಡ ಹೆಚ್ಚಿದಾಗ ರಕ್ತದಲ್ಲಿ ಏರುವ ಬಿಎನ್‌ಪಿ ಎಂಬ ಅಂಶವನ್ನೂ ಅಳೆಯಬಹುದು. ಅದು ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಂಭವ ಕಡಿಮೆ.

4. ಎಕೋ: ಇದೇ ಮುಖ್ಯವಾದದ್ದು. ಹೊಟ್ಟೆಯ ಸ್ಕ್ಯಾನಿನಂತೆ ಎದೆಯ ಮೇಲೆ ಮಾಡುತ್ತಾರೆ, ನೋವಿಲ್ಲ, ಸೂಜಿಯಿಲ್ಲ. ಕವಾಟಗಳು ಹೇಗಿವೆ, ಹೃದಯ ಎಷ್ಟು ಹಿಂಡುತ್ತಿದೆ ಎಂಬುದು ಕಾಣುತ್ತದೆ.

ಎಕೋ ಚೀಟಿಯಲ್ಲಿ 'ಇಎಫ್ 60' ಎಂದಿದ್ದರೆ ಹೃದಯ ನೂರಕ್ಕೆ ನಲವತ್ತು ಕೆಟ್ಟಿತೆಂದು ಹೆದರಬೇಡಿ. ತುಂಬಿಕೊಂಡ ರಕ್ತದಲ್ಲಿ ಆರೋಗ್ಯವಂತರ ಹೃದಯವೂ ಪೂರ್ತಿ ಹೊರಹಾಕುವುದಿಲ್ಲ, 60 ಸಹಜವೇ. 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಹಿಂಡುವ ಶಕ್ತಿ ಕುಂದಿದೆ ಎಂದರ್ಥ. ಆದರೆ ಗೋಡೆ ಬಿರುಸಾಗಿ ಹೃದಯ ಸರಿಯಾಗಿ ತುಂಬಿಕೊಳ್ಳದಿದ್ದರೆ ಇಎಫ್ 50ಕ್ಕಿಂತ ಹೆಚ್ಚಿದ್ದರೂ ಹೃದಯ ವೈಫಲ್ಯ ಇರಬಹುದು. ಹೀಗಾಗಿ ಒಂದೇ ಚೀಟಿ ತೀರ್ಪು ಹೇಳದು. ಎಲ್ಲವನ್ನೂ ಕೂಡಿಸಿ ನೋಡುವುದು ವೈದ್ಯರ ಕೆಲಸ.

ನಾವು ಮಾಡಬೇಕಾದುದು

ಬಹಳ ಕಾಲ ಹತೋಟಿ ತಪ್ಪಿದ ಬಿಪಿ, ಸಕ್ಕರೆ, ಹಿಂದಿನ ಹೃದಯಾಘಾತ, ಕವಾಟದ ತೊಂದರೆ, ಕುಡಿತ ಇವು ಇದರ ಕಾರಣಗಳಲ್ಲಿ ಕೆಲವು. 'ಮಕ್ಕಳೈ ತೇಡಿ ಮರುತ್ತುವಮ್' ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಅದರ ಕಾರ್ಯಕರ್ತೆಯರು ಬಿಪಿ, ಸಕ್ಕರೆ ನೋಡಲು ಮನೆಗೆ ಬಂದಾಗ 'ಹೊಲಕ್ಕೆ ಹೊತ್ತಾಯಿತು' ಎಂದು ತಪ್ಪಿಸಿಕೊಳ್ಳಬೇಡಿ.

ಏದುಸಿರಿನ ಜೊತೆ ಕಾಲು ಊತವಿದ್ದರೆ ಬೆಳೆ ಮುಗಿಯಲಿ ಎಂದು ಕಾಯದೆ ಹೊಸೂರಿನ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್, ಜಯದೇವ ಆಸ್ಪತ್ರೆಗಳಿವೆ. ಹಳೆಯ ಚೀಟಿಗಳನ್ನೆಲ್ಲ ಒಂದೇ ಚೀಲದಲ್ಲಿ ಒಯ್ಯಿರಿ. ಕೂತಲ್ಲೇ ಉಸಿರು ಸಿಕ್ಕದಿದ್ದರೆ, ಎದೆ ನೋವು ಬಂದರೆ, ಪ್ರಜ್ಞೆ ತಪ್ಪಿದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಬೇಗ ಗೊತ್ತಾದರೆ ಇದಕ್ಕೆ ಒಳ್ಳೆಯ ಔಷಧಿಗಳಿವೆ. ಮುಂದಿನ ಭಾನುವಾರ ದೇವಾಲಯಕ್ಕೆ ನಡೆದು ಬರುವಾಗ ಮನೆಯ ಹಿರಿಯರು ದಾರಿಯಲ್ಲಿ ಎಷ್ಟು ಸಲ ನಿಂತರೆಂದು ಎಣಿಸಿ ನೋಡಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.