ಸಕ್ಕರೆ ಕಾಯಿಲೆಯವರಿಗೆ ಹಿತ್ತಲ ತರಕಾರಿಯ ಅಡಿಗೆ



ಸಕ್ಕರೆ ಕಾಯಿಲೆಗೆ ಹಾಗಲಕಾಯಿ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಅಡಿಗೆಮನೆಗಳಲ್ಲಿ ಆಗುವುದೇನು? ಹಾಗಲಕಾಯಿ ಗೊಜ್ಜಿಗೆ ಲಿಂಬೆಹಣ್ಣಿನ ಗಾತ್ರದ ಬೆಲ್ಲ ಬೀಳುತ್ತದೆ. ಗೊಜ್ಜು ರುಚಿಯಾಯಿತೆಂದು ಎರಡು ಸೌಟು ಅನ್ನ ಹೆಚ್ಚೇ ಇಳಿಯುತ್ತದೆ. ತರಕಾರಿಯಿಂದಾಗುವ ಲಾಭವನ್ನು ಬೆಲ್ಲ ಮತ್ತು ಅನ್ನ ನುಂಗಿಬಿಡುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆಯಿದೆ. ತೋಟದ ಮನೆಗಳೂ ಇದಕ್ಕೆ ಹೊರತಲ್ಲ.

ತರಕಾರಿಯಲ್ಲಿ ಎರಡು ಬಗೆ

ಅನ್ನದಲ್ಲಿಯೂ ಗೆಡ್ಡೆಗಳಲ್ಲಿಯೂ ಇರುವ ಪಿಷ್ಟವು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತ ಸೇರುತ್ತದೆ. ಪಡವಲ, ಹೀರೆ, ತೊಂಡೆ, ಹಾಗಲಗಳ 100 ಗ್ರಾಂನಲ್ಲಿ ಶರ್ಕರಪಿಷ್ಟ ಸುಮಾರು 3ರಿಂದ 4 ಗ್ರಾಂ ಮಾತ್ರ. ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆಗಳಲ್ಲಿ 18ರಿಂದ 21 ಗ್ರಾಂ. ಮರಗೆಣಸಿನಲ್ಲಿ 38 ಗ್ರಾಂ. ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ. ಆದ್ದರಿಂದ ಗೆಡ್ಡೆ, ಜೀಗುಜ್ಜೆ, ನೇಂದ್ರ ಬಾಳೆಕಾಯಿಗಳ ಪಲ್ಯವನ್ನು ಅನ್ನದ ಲೆಕ್ಕಕ್ಕೇ ಸೇರಿಸಬೇಕು. ಆ ದಿನ ಅನ್ನ ಕಡಿಮೆಯಾಗಲಿ. ಪತ್ರೊಡೆಯಲ್ಲಿ ಎಲೆ ಹಸಿರಾದರೂ ಒಳಗಿರುವುದು ಅಕ್ಕಿ ಮತ್ತು ಬೆಲ್ಲ ಎಂಬುದನ್ನು ಮರೆಯಬಾರದು.

ಅಡಿಗೆಯ ಕ್ರಮ

1. ಹಾಗಲಕಾಯಿ ಪಲ್ಯ: ತೆಳ್ಳಗೆ ಹೆಚ್ಚಿ, ಉಪ್ಪು ಅರಿಶಿನ ಸವರಿ ಅರ್ಧ ಗಂಟೆ ಇಡಿ. ಹಿಂಡಿ, ಒಮ್ಮೆ ತೊಳೆಯಿರಿ. ಎರಡು ಚಮಚ ಎಣ್ಣೆಯ ಒಗ್ಗರಣೆಯಲ್ಲಿ ಸಣ್ಣ ಉರಿಗೆ ಗರಿಯಾಗುವವರೆಗೆ ಬಾಡಿಸಿ. ಬೆಲ್ಲದ ಬದಲು ವಾಟೆಹುಳಿ ಅಥವಾ ಲಿಂಬೆರಸ, ಮೇಲೆ ಹುರಿದ ಎಳ್ಳಿನ ಪುಡಿ ಸೇರಿಸಿ. ಕಹಿ ಪೂರ್ತಿ ಹೋಗದು. ಆದರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

2. ಬಾಳೆದಿಂಡಿನ ಪಲ್ಯ: ಗೊನೆ ಕಡಿದ ದಿನ ದಿಂಡನ್ನು ಎಸೆಯಬೇಡಿ. ಬಿಲ್ಲೆಯಾಗಿ ಕೊಯ್ದು, ನಾರನ್ನು ಬೆರಳಿಗೆ ಸುತ್ತಿ ತೆಗೆದು, ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗದು. ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಕೊಟ್ಟು, ನೆನೆಸಿದ ಒಂದು ಹಿಡಿ ಹೆಸರುಬೇಳೆಯೊಡನೆ ಮುಚ್ಚಿ ಬೇಯಿಸಿ. ತೆಂಗಿನತುರಿ ಎರಡು ಚಮಚ ಸಾಕು.

3. ಒಂದೆಲಗದ ತಂಬುಳಿ: ಒಂದು ಹಿಡಿ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಎರಡು ಚಮಚ ತೆಂಗಿನತುರಿ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ. ಅನ್ನಕ್ಕೆ ಸುರಿಯುವ ಬದಲು ಊಟದ ಮೊದಲು ಲೋಟದಲ್ಲಿ ಕುಡಿಯಿರಿ.

ಬಡಿಸುವ ಕ್ರಮ

ನಮ್ಮಲ್ಲಿ ಅನ್ನದ ರಾಶಿ ಹಾಕಿ, ಬಾಳೆಲೆಯ ತುದಿಗೆ ಚಮಚ ಪಲ್ಯ ಬಡಿಸುವುದು ರೂಢಿ. ಇದನ್ನು ತಿರುವುಮುರುವು ಮಾಡಬೇಕು. ಅರ್ಧ ತಟ್ಟೆ ಪಲ್ಯ, ಕೋಸಂಬರಿ. ಕಾಲು ಭಾಗ ಬೇಳೆ, ಕಾಳು, ಮೀನು ಅಥವಾ ಮೊಟ್ಟೆ. ಉಳಿದ ಕಾಲು ಭಾಗ ಅನ್ನ. ಮೊದಲು ಪಲ್ಯ ತಿಂದು ಆಮೇಲೆ ಅನ್ನ ಉಂಡರೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಆರೋಗ್ಯವಂತರಿಗೂ ದಿನಕ್ಕೆ 400 ಗ್ರಾಂ ತರಕಾರಿ ಬೇಕು. ಆದ್ದರಿಂದ ರೋಗಿಗೆಂದು ಬೇರೆ ಒಲೆ ಹೂಡಬೇಕಿಲ್ಲ. ಮನೆಯವರೆಲ್ಲ ಇದನ್ನೇ ಉಣ್ಣಬಹುದು.

ಮುಖ್ಯ ಎಚ್ಚರಿಕೆ

ಇನ್ಸುಲಿನ್ ಚುಚ್ಚಿಕೊಳ್ಳುವವರು, ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಒಮ್ಮೆಲೇ ಅನ್ನ ಕಡಿಮೆ ಮಾಡಬಾರದು. ಔಷಧ ಅಷ್ಟೇ ಇದ್ದು ಊಟ ಇಳಿದರೆ ರಕ್ತದ ಸಕ್ಕರೆ ತೀರಾ ಕುಸಿಯಬಹುದು. ಬೆವರು, ಕೈನಡುಕ, ವಿಪರೀತ ಹಸಿವು, ಕಣ್ಣು ಕತ್ತಲೆ ಇದರ ಲಕ್ಷಣಗಳು. ಅಡಿಕೆ ಮರದ ಮೇಲೋ ಮರಗಸಿಯ ಏಣಿಯ ಮೇಲೋ ಹೀಗಾದರೆ ಪ್ರಾಣಕ್ಕೇ ಸಂಚಕಾರ. ತಕ್ಷಣ ಕೆಲಸ ಬಿಟ್ಟು ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಅಡಿಗೆಯಲ್ಲಿ ಬೆಲ್ಲ ಬಿಟ್ಟವರೂ ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಮರೆಯಬಾರದು.