ಮಾಡೆಲ್ ಮನೆಯ ಬಾಗಿಲಲ್ಲಿ ತುಂಬುವ ಫಾರ್ಮ್

ಅಮೆರಿಕದ ಡಲ್ಲಾಸ್‌ನಿಂದ ಉತ್ತರಕ್ಕೆ ಫ್ರಿಸ್ಕೊ, ಪ್ರಾಸ್ಪರ್, ಸೆಲೈನಾ ಕಡೆ ಹೊಸ ಬಡಾವಣೆಗಳು ಏಳುತ್ತಲೇ ಇವೆ. ಅಲ್ಲಿ ಮನೆ ಕೊಳ್ಳುವವರಲ್ಲಿ ಕನ್ನಡಿಗರೂ ಇದ್ದಾರೆ. ಬಿಲ್ಡರ್ ಮಾದರಿಗೆಂದು ಕಟ್ಟಿದ ಮಾಡೆಲ್ ಮನೆ ನೋಡಲು ಹೋದ ಕೂಡಲೇ ಕೈಗೆ ಬರುವ ಫಾರ್ಮ್‌ನಲ್ಲಿ ಹೆಸರು, ಫೋನ್ ನಂಬರಿನ ಜೊತೆಗೆ ಇನ್ನೊಂದು ಪ್ರಶ್ನೆ ಇರುತ್ತದೆ: ನಿಮಗೆ ಏಜೆಂಟ್ ಇದ್ದಾರೆಯೇ? ಮನೆಯೊಳಗೆ ಕಾಲಿಡುವ ಅವಸರದಲ್ಲಿ ಇದಕ್ಕೆ ‘ಇಲ್ಲ’ ಎಂದು ಬರೆದುಬಿಡುವುದು ಸುಲಭ. ಆದರೆ ಮೊದಲ ಭೇಟಿಯಲ್ಲೇ ಜೊತೆಗೆ ಬಂದ ಅಥವಾ ಹೆಸರು ನೋಂದಾಯಿಸಿದ ಏಜೆಂಟಿಗೆ ಮಾತ್ರ ಕಮಿಷನ್ ಕೊಡುತ್ತೇವೆ ಎಂಬುದು ಅನೇಕ ಬಿಲ್ಡರ್‌ಗಳ ನಿಯಮ. ಹಾಗಾಗಿ ಆ ಒಂದು ಪದ ಮುಂದೆ ಭಾರವಾಗಬಹುದು. ಹೊಸ ಮನೆಗೂ ಕೊಳ್ಳುವವರ ಪರವಾಗಿ ಒಬ್ಬ ಏಜೆಂಟ್ ಇರಬೇಕು ಎನ್ನುವವನು ನಾನು. ಆದರೆ ‘ಬಿಲ್ಡರ್ ಕೊಡುತ್ತಾನೆ, ನಮಗೆ ಪುಕ್ಕಟೆ’ ಎಂದು ಇದಕ್ಕೆ ಕೊಡುವ ಕಾರಣವನ್ನು ನಾನು ಒಪ್ಪುವುದಿಲ್ಲ.

ಮಾಡೆಲ್ ಮನೆಯಲ್ಲಿ ಕೂತಿರುವ ಸೇಲ್ಸ್ ಪ್ರತಿನಿಧಿ ಎಷ್ಟೇ ಸಜ್ಜನರಾಗಿರಲಿ, ನಮ್ಮ ಊರಿನ ಕಡೆಯವರೇ ಆಗಿರಲಿ, ಅವರು ಕೆಲಸ ಮಾಡುವುದು ಬಿಲ್ಡರ್ ಪರವಾಗಿ. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಮನೆ ಕೊಳ್ಳುವಾಗ ವಕೀಲರನ್ನು ಇಟ್ಟುಕೊಳ್ಳುವ ರೂಢಿಯಿದೆ. ಟೆಕ್ಸಾಸ್‌ನಲ್ಲಿ ಆ ರೂಢಿಯಿಲ್ಲ. ಅಲ್ಲಿ ವ್ಯವಹಾರ ಮುಗಿಸುವ ಟೈಟಲ್ ಕಂಪನಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಹಳೆಯ ಮನೆಯ ಮಾರಾಟದಲ್ಲಿ ಏಜೆಂಟರು ರಾಜ್ಯದ ರಿಯಲ್ ಎಸ್ಟೇಟ್ ಆಯೋಗದ ಸಿದ್ಧ ಕರಾರುಪತ್ರ ಬಳಸುತ್ತಾರೆ. ದೊಡ್ಡ ಬಿಲ್ಡರ್‌ಗಳು ತಮ್ಮ ವಕೀಲರಿಂದಲೇ ಬರೆಸಿದ ಕರಾರನ್ನು ಮುಂದಿಡುತ್ತಾರೆ. ಕೆಲಸ ತಡವಾದರೆ ಏನು, ಹೇಳಿದ ಸಾಮಗ್ರಿ ಬದಲಾದರೆ ಏನು, ಮುಂಗಡ ಯಾವಾಗ ಮುಳುಗುತ್ತದೆ, ಜಗಳ ಕೋರ್ಟಿಗೋ ಮಧ್ಯಸ್ಥಿಕೆಗೋ ಎಂಬುದೆಲ್ಲ ಅವರು ಬರೆದಂತೆ. ಮೇಲಾಗಿ ಟೆಕ್ಸಾಸ್‌ನಲ್ಲಿ ಮನೆ ಕಟ್ಟುವವರಿಗೆ ರಾಜ್ಯಮಟ್ಟದ ಲೈಸೆನ್ಸೇ ಇಲ್ಲ. 2003ರಲ್ಲಿ ಹುಟ್ಟಿದ ವಸತಿ ನಿರ್ಮಾಣ ಆಯೋಗವನ್ನು 2009ರಲ್ಲಿ ಶಾಸನಸಭೆ ಮುಂದುವರಿಸಲಿಲ್ಲ. ಬಿಲ್ಡರ್ ನಿಗದಿತ ಮಾದರಿಯ ಲಿಖಿತ ವಾರಂಟಿ ಕೊಟ್ಟಿದ್ದರೆ, ಕಟ್ಟಡದ ದೋಷಕ್ಕೆ ದಾವೆ ಹೂಡುವ ಗರಿಷ್ಠ ಅವಧಿಯನ್ನು 2023ರ ಕಾಯ್ದೆ 10 ವರ್ಷದಿಂದ 6ಕ್ಕೆ ಇಳಿಸಿತು. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರು ರೇರಾ ಕಾಯ್ದೆಯ ನೆರಳಲ್ಲಿ ಕೊಂಡಿರುತ್ತಾರೆ: ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ, ರಚನೆಯ ದೋಷಕ್ಕೆ 5 ವರ್ಷ ಬಿಲ್ಡರೇ ಹೊಣೆ. ಅದೇ ನಂಬಿಕೆಯನ್ನು ಟೆಕ್ಸಾಸ್‌ಗೆ ಹೊತ್ತುಕೊಂಡು ಹೋಗುವಂತಿಲ್ಲ. ಅಲ್ಲಿ ಬಹುಪಾಲು ರಕ್ಷಣೆ ಕರಾರಿನಲ್ಲಿ ಬರೆದಷ್ಟೇ. ಅದನ್ನು ಓದುವಾಗ ಪಕ್ಕದಲ್ಲಿ ನಮ್ಮವರೊಬ್ಬರು ಇರಬೇಕು ಎಂದು ನಾನು ಹೇಳುವುದು ಇದಕ್ಕೇ. ಏಜೆಂಟ್ ವಕೀಲರಲ್ಲ, ಕಾನೂನು ಸಲಹೆ ಕೊಡುವ ಅಧಿಕಾರ ಅವರಿಗಿಲ್ಲ. ಆದರೆ ಇಂಥ ಕರಾರುಗಳನ್ನು ಹತ್ತಾರು ನೋಡಿದವರು ಎಲ್ಲಿ ನಿಂತು ವಕೀಲರನ್ನು ಕೇಳಬೇಕೆಂದು ತೋರಿಸಬಲ್ಲರು.

ಒಳ್ಳೆಯ ಏಜೆಂಟ್ ಬೆಲೆ ಇಳಿಸುವುದಕ್ಕಿಂತ ಹೆಚ್ಚಾಗಿ ಬೇರೆ ಕಡೆ ಮೊದಲೇ ಎಚ್ಚರಿಸಿ ಹಣ ಉಳಿಸುತ್ತಾರೆ. ಆಸ್ತಿ ತೆರಿಗೆಯನ್ನೇ ನೋಡಿ. ಟೆಕ್ಸಾಸ್‌ನಲ್ಲಿ ಜನವರಿ 1ರಂದು ಆಸ್ತಿ ಇದ್ದ ಸ್ಥಿತಿಯ ಮೇಲೆ ಮೌಲ್ಯ ಕಟ್ಟುತ್ತಾರೆ. ಆ ದಿನ ಬರೀ ಸೈಟು ಇದ್ದರೆ ಆ ವರ್ಷದ ತೆರಿಗೆ ಸೈಟಿನದಷ್ಟೇ. ಅದನ್ನು ನಂಬಿ ತಿಂಗಳ ಕಂತು ಲೆಕ್ಕ ಹಾಕಿದರೆ, ಮರುವರ್ಷ ಇಡೀ ಮನೆಯ ತೆರಿಗೆ ಬಂದಾಗ ಕಂತು ದಿಢೀರನೆ ನೂರಾರು ಡಾಲರ್ ಏರುತ್ತದೆ. ನೀರು, ಒಳಚರಂಡಿಗಾಗಿಯೇ ರಚಿಸಿದ ವಿಶೇಷ ತೆರಿಗೆ ವಲಯದಲ್ಲಿ ಬಡಾವಣೆ ಇದ್ದರೆ ಅದರ ತೆರಿಗೆ ಬೇರೆ. ಬಡ್ಡಿ ರಿಯಾಯಿತಿಯದೂ ಹೀಗೆಯೇ. ಮೊದಲ ವರ್ಷ ಶೇ 2, ಎರಡನೆಯ ವರ್ಷ ಶೇ 1 ಕಡಿಮೆ ಎಂಬ ಕೊಡುಗೆ ಮೂರನೆಯ ವರ್ಷಕ್ಕೆ ಮುಗಿದುಹೋಗುತ್ತದೆ. ಬಿಲ್ಡರ್‌ನ ಸ್ವಂತ ಸಾಲ ಸಂಸ್ಥೆಯಲ್ಲಿ ಸಾಲ ಪಡೆದರೆ ಮಾತ್ರ ಇಂಥ ಕೊಡುಗೆ ಎನ್ನುವುದುಂಟು. ಸಾಲದ ಅಂದಾಜು ಪತ್ರ ಮೂರು ಪುಟಗಳ ಏಕರೂಪದ ನಮೂನೆಯಾದ್ದರಿಂದ ಬೇರೊಂದು ಕಡೆಯಿಂದಲೂ ತರಿಸಿ ಪಕ್ಕಪಕ್ಕದಲ್ಲಿಟ್ಟು ನೋಡಲು ಕಷ್ಟವೇನಿಲ್ಲ. ಇನ್ನು ತಪಾಸಣೆ. ಹೊಸ ಮನೆಯಲ್ಲಿ ದೋಷ ಎಲ್ಲಿಂದ ಬರಬೇಕು ಎನ್ನುವವರಿದ್ದಾರೆ. ಗೋಡೆಯ ಹಲಗೆ ಮುಚ್ಚುವ ಮುನ್ನ ಪೈಪು, ವೈರು, ಮರದ ಚೌಕಟ್ಟುಗಳನ್ನು ನೋಡಲು ಸಿಗುವುದು ಒಂದೇ ಅವಕಾಶ. ಆ ದಿನ ಸ್ವತಂತ್ರ ತಪಾಸಕರನ್ನು ಒಳಗೆ ಬಿಡಲು ಬಿಲ್ಡರ್ ಒಪ್ಪಬೇಕು, ಆ ಒಪ್ಪಿಗೆ ಕರಾರಿನಲ್ಲೇ ಇರಬೇಕು. ಒಂದು ವರ್ಷದ ವಾರಂಟಿ ಮುಗಿಯುವ ಮೊದಲು, 11ನೇ ತಿಂಗಳಲ್ಲಿ, ಮತ್ತೊಮ್ಮೆ ನೋಡಿಸಬೇಕು.

ಏಜೆಂಟ್ ಇಲ್ಲದೆ ಹೋದರೆ ಆ ಕಮಿಷನ್ ನಮಗೇ ಉಳಿಯುವುದಿಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. 5 ಲಕ್ಷ ಡಾಲರ್ ಮನೆಗೆ ಶೇ 3 ಎಂದರೆ 15,000 ಡಾಲರ್, ಸಣ್ಣ ಮೊತ್ತವಲ್ಲ. ಆದರೆ ದೊಡ್ಡ ಬಿಲ್ಡರ್‌ಗಳು ಆ ಖರ್ಚನ್ನು ಇಡೀ ಬಡಾವಣೆಯ ಲೆಕ್ಕದಲ್ಲಿ ಮೊದಲೇ ಸೇರಿಸಿರುತ್ತಾರೆ. ಒಬ್ಬರಿಗೆ ಬೆಲೆ ಇಳಿಸಿದರೆ ಕಳೆದ ತಿಂಗಳು ಪಕ್ಕದ ಮನೆ ಕೊಂಡವರು ಕೇಳುತ್ತಾರೆ, ಮುಂದಿನ ಮನೆಗಳ ಮೌಲ್ಯಮಾಪನವೂ ಕುಸಿಯುತ್ತದೆ. ಒಂದಷ್ಟು ಮನೆ ಮಾತ್ರ ಕಟ್ಟುವ ಸಣ್ಣ ಬಿಲ್ಡರ್, ಕಟ್ಟಿ ಮುಗಿಸಿದ ಮನೆ ಮಾರಾಟವಾಗದೆ ಕುಳಿತಿದ್ದರೆ, ಇಳಿಸಬಹುದು. ಅಲ್ಲಿ ಕೇಳಿ ನೋಡಬೇಕು. ಉಳಿದ ಕಡೆ ಏಜೆಂಟ್ ಇಲ್ಲದವರೂ ಅದೇ ಬೆಲೆ ಕೊಟ್ಟು, ಸಹಾಯ ಮಾತ್ರ ಇಲ್ಲದೆ ಕೊಳ್ಳುತ್ತಾರೆ. ಕೊನೆಗೂ ಆ ಹಣ ಬರುವುದು ಕೊಳ್ಳುವವರ ಜೇಬಿನಿಂದಲೇ. ಪುಕ್ಕಟೆ ಎಂಬ ಮಾತು ತಪ್ಪೆನ್ನುವುದು ಅದಕ್ಕೆ.

2024ರಿಂದ ಆ ಮಾತು ಅಪಾಯಕಾರಿಯೂ ಆಗಿದೆ. ರಿಯಲ್ಟರ್‌ಗಳ ರಾಷ್ಟ್ರೀಯ ಸಂಘವು ಆ ವರ್ಷ ಒಪ್ಪಿದ 41.8 ಕೋಟಿ ಡಾಲರ್ ರಾಜಿಯ ಫಲವಾಗಿ ಆಗಸ್ಟ್ 17ರಿಂದ ಹೊಸ ನಿಯಮ ಬಂತು. ಏಜೆಂಟ್ ಜೊತೆ ಮನೆ ನೋಡುವ ಮೊದಲೇ ಲಿಖಿತ ಒಪ್ಪಂದವಾಗಬೇಕು, ಅದರಲ್ಲಿ ಶುಲ್ಕ ಸ್ಪಷ್ಟವಾಗಿರಬೇಕು. ಅದೇ 5 ಲಕ್ಷ ಡಾಲರ್ ಮನೆಗೆ ಒಪ್ಪಂದದಲ್ಲಿ ಶೇ 3 ಎಂದು ಬರೆದು, ಬಿಲ್ಡರ್ ಶೇ 2 ಮಾತ್ರ ಕೊಟ್ಟರೆ ಉಳಿದ 5,000 ಡಾಲರ್ ನಮ್ಮ ತಲೆಯ ಮೇಲೆ. ಬಿಲ್ಡರ್ ಮೂಲಬೆಲೆಗೆ ಮಾತ್ರ ಕಮಿಷನ್ ಕೊಟ್ಟು ಒಳಗಿನ ಅಲಂಕಾರದ ಹೆಚ್ಚುವರಿಗಳನ್ನು ಬಿಟ್ಟರೂ ಇದೇ ಕೊರತೆ. ‘ಬಿಲ್ಡರ್ ಕಡಿಮೆ ಕೊಟ್ಟರೆ ಉಳಿದದ್ದನ್ನು ಕೊಳ್ಳುವವರಿಂದ ಕೇಳುವುದಿಲ್ಲ’ ಎಂದು ಸಹಿಗೆ ಮೊದಲೇ ಬರೆಸಿಕೊಳ್ಳುವುದು ಸಾಧ್ಯ. ಇದೇ ನಿಯಮದಲ್ಲಿ ಕೊಳ್ಳುವವರಿಗೆ ಒಂದು ಅನುಕೂಲವೂ ಇದೆ: ಒಪ್ಪಿದ್ದಕ್ಕಿಂತ ಹೆಚ್ಚನ್ನು ಏಜೆಂಟ್ ಯಾರಿಂದಲೂ ಪಡೆಯುವಂತಿಲ್ಲ. ಬೋನಸ್ ಕೊಡುವ ಬಿಲ್ಡರ್ ಕಡೆಗೇ ನಮ್ಮನ್ನು ತಳ್ಳುತ್ತಾರೆಂಬ ಭಯ ಇದರಿಂದ ತಗ್ಗುತ್ತದೆ. ಬೆಲೆ ಏರಿದಷ್ಟೂ ಏಜೆಂಟಿಗೆ ಲಾಭ ಎಂಬ ತೊಡಕು ಮಾತ್ರ ಉಳಿಯುತ್ತದೆ. ಅದನ್ನು ನೀಗಲು ಶೇಕಡಾವಾರು ಬದಲು ನಿಗದಿತ ಮೊತ್ತ ಒಪ್ಪುವುದು ಉತ್ತಮ. ಟೆಕ್ಸಾಸ್‌ನಲ್ಲಿ ಏಜೆಂಟ್ ತಮ್ಮ ಕಮಿಷನ್ನಿನ ಒಂದು ಪಾಲನ್ನು ಕೊಳ್ಳುವವರಿಗೆ ಮರಳಿಸಲೂಬಹುದು. ಕೆಲವು ರಾಜ್ಯಗಳು ಅದಕ್ಕೆ ಅವಕಾಶ ಕೊಡುವುದಿಲ್ಲ. ಕಟ್ಟಿ ಮುಗಿದ ಮನೆಗೆ ಹೆಚ್ಚು ಮರಳಿಸುವವರನ್ನು ಆರಿಸಿದರೆ ತಪ್ಪಿಲ್ಲ. ಇನ್ನೂ ತಳಪಾಯ ಹಾಕದ ಮನೆಗೆ ತಿಂಗಳುಗಟ್ಟಲೆ ಓಡಾಡುವವರೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗಾಗಲೇ ‘ಇಲ್ಲ’ ಎಂದು ಬರೆದಿದ್ದರೆ, ಏಜೆಂಟರ ಹೆಸರು ಸೇರಿಸುವಂತೆ ಸೇಲ್ಸ್ ಮ್ಯಾನೇಜರಿಗೆ ಇಮೇಲ್‌ನಲ್ಲಿ ಕೇಳಬೇಕು. ಕರಾರಿಗೆ ಸಹಿಯಾಗದಿದ್ದರೆ ಒಪ್ಪುವವರೂ ಇದ್ದಾರೆ. ಒಪ್ಪದಿದ್ದರೆ, ಮುಂಗಡದ ಚೆಕ್ ಬರೆಯುವ ಮೊದಲು ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವ ರಿಯಲ್ ಎಸ್ಟೇಟ್ ವಕೀಲರಿಗೆ ಆ ಕರಾರನ್ನು ಓದಿಸಿ, ತಪಾಸಕರನ್ನು ಸ್ವಂತ ಖರ್ಚಿನಲ್ಲೇ ಗೊತ್ತುಮಾಡಿಕೊಳ್ಳಬೇಕು.