ಹೊರಗಿನ ಡಿಸ್ಕಿನಲ್ಲಿ ಎರಡನೆಯ ಕಾರ್ಯಾಚರಣ ವ್ಯವಸ್ಥೆ: ಸಣ್ಣ ಉದ್ದಿಮೆದಾರರಿಗೊಂದು ಪಾಠ

ಒಂದು ಕಾಲದಲ್ಲಿ ಗಾದಿಯ ಮೇಲೆ ಕಿರ್ದಿ ಹಾಗೂ ಖತಾವಣಿ ಪುಸ್ತಕಗಳಿದ್ದರೆ ಅಂಗಡಿ ನಡೆಯುತ್ತಿತ್ತು. ವಿದ್ಯುತ್ ಹೋದರೆ ಕಂದೀಲಿನ ಬೆಳಕಿನಲ್ಲಿಯೂ ಬಿಲ್ ಬರೆಯಬಹುದಾಗಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ, 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾದ ಮೇಲೆ, ಪರಿಸ್ಥಿತಿ ಬದಲಾಗಿದೆ. ಇಂದು ಗಣಕಯಂತ್ರ ನಿಂತರೆ ವ್ಯಾಪಾರವೂ ನಿಲ್ಲುತ್ತದೆ. ಜನರೇಟರಿಗೆ, ಇನ್ವರ್ಟರಿಗೆ ಹಣ ಹೂಡುವ ನಾವು ಗಣಕಯಂತ್ರಕ್ಕೆ ಬದಲಿ ವ್ಯವಸ್ಥೆಯೊಂದನ್ನು ಇಟ್ಟುಕೊಳ್ಳುವುದನ್ನು ಮರೆಯುತ್ತೇವೆ. ಕಡಿಮೆ ಖರ್ಚಿನಲ್ಲಿ ಅಂತಹ ಬದಲಿ ವ್ಯವಸ್ಥೆಯನ್ನು ಸಿದ್ಧಪಡಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಉದಾಹರಣೆ

ಬೀದರದಿಂದ ಔರಾದಿಗೆ ಹೋಗುವ ರಸ್ತೆಯಲ್ಲಿರುವ ಜನವಾಡದಲ್ಲಿ, ಟ್ರ್ಯಾಕ್ಟರಿಗೆ ಜೋಡಿಸುವ ನೇಗಿಲು ಮತ್ತು ಕೂರಿಗೆಗಳನ್ನು ತಯಾರಿಸುವ ಸಣ್ಣ ಘಟಕವೊಂದಿದೆ ಎಂದು ಭಾವಿಸೋಣ. ಮೃಗಶಿರಾ ಮಳೆಗೆ ಮುಂಚಿನ ಮೂರು-ನಾಲ್ಕು ವಾರಗಳೇ ಅದರ ಮುಖ್ಯ ಹಂಗಾಮು. ಸರಕು ಮಹಾರಾಷ್ಟ್ರದ ಉದಗೀರಕ್ಕೆ ಹೋಗಬೇಕು. ಲಾರಿ ತುಂಬಿ ನಿಂತಿದೆ. ಸರಕಿನ ಮೌಲ್ಯ 50,000 ರೂ. ಮೀರಿರುವುದರಿಂದ ಇ-ವೇ ಬಿಲ್ ಇಲ್ಲದೆ ಗಡಿ ದಾಟುವಂತಿಲ್ಲ. ಅದೇ ದಿನ ಬೆಳಿಗ್ಗೆ ಗಣಕಯಂತ್ರದ ಒಳಗಿನ ಹಾರ್ಡ್ ಡಿಸ್ಕ್ ಕೆಟ್ಟಿದೆ, ವಿಂಡೋಸ್ ತೆರೆಯುತ್ತಿಲ್ಲ. ದುರಸ್ತಿಯವರು ಬೀದರದಿಂದ ಬರಬೇಕು. ಬಂದರೂ ಡಿಸ್ಕ್ ಬದಲಿಸಿ, ತಂತ್ರಾಂಶಗಳನ್ನು ಮರಳಿ ಅಳವಡಿಸುವಷ್ಟರಲ್ಲಿ ಎರಡು ದಿನ ಕಳೆಯುತ್ತದೆ. ಲಾರಿಯ ಬಾಡಿಗೆ, ಗಿರಾಕಿಯ ಬೇಸರ, ಹಂಗಾಮಿನ ನಷ್ಟ, ಮೂರನ್ನೂ ಮಾಲೀಕನೇ ಹೊರಬೇಕು.

ಈ ಉದಾಹರಣೆಯಲ್ಲಿ ಕೆಟ್ಟಿರುವುದು ಡಿಸ್ಕ್ ಮಾತ್ರ. ಪರದೆ, ಕೀಲಿಮಣೆ, ಪ್ರೊಸೆಸರ್, ಮೆಮೊರಿ, ಮುದ್ರಣಯಂತ್ರ, ಅಂತರ್ಜಾಲ ಸಂಪರ್ಕ ಎಲ್ಲವೂ ಸುಸ್ಥಿತಿಯಲ್ಲಿವೆ. ಹೊರಗಿನಿಂದ ಜೋಡಿಸಬಹುದಾದ ಡಿಸ್ಕೊಂದರಲ್ಲಿ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ ಸಿದ್ಧವಾಗಿದ್ದರೆ, ಅದೇ ಯಂತ್ರವನ್ನು ಹತ್ತು ನಿಮಿಷದೊಳಗೆ ಮತ್ತೆ ಕೆಲಸಕ್ಕೆ ಹಚ್ಚಬಹುದು.

ವಿಂಡೋಸ್ 10ರ ಪ್ರಶ್ನೆ

ಈ ವಿಷಯಕ್ಕೆ ಇನ್ನೊಂದು ಕಾರಣದಿಂದಲೂ ಮಹತ್ತ್ವ ಬಂದಿದೆ. 2015ರ ಜುಲೈನಲ್ಲಿ ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಕ್ತಾಯವಾಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗವೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅನಂತರದ ಪ್ರೊಸೆಸರ್ ಕೂಡ ಬೇಕು. ಆದುದರಿಂದ ಚೆನ್ನಾಗಿ ನಡೆಯುತ್ತಿರುವ ಅನೇಕ ಹಳೆಯ ಯಂತ್ರಗಳು ಆ ವ್ಯವಸ್ಥೆಗೆ ಅರ್ಹವಾಗಿಲ್ಲ. ಭದ್ರತಾ ಪರಿಷ್ಕರಣೆ ಇಲ್ಲದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಅಪಾಯಕರ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶವು ಪರಿಷ್ಕರಣೆಯಾಗದ ಯಂತ್ರಗಳನ್ನೇ ಹಿಡಿದು, ಕಡತಗಳಿಗೆ ಬೀಗ ಹಾಕಿ, ಹಣ ಕೇಳಿದ್ದನ್ನು ಸದಸ್ಯರು ಮರೆತಿರಲಾರರು. ಹಳೆಯ ಯಂತ್ರವನ್ನು ಎಸೆಯದೆ, ಬ್ಯಾಂಕ್ ಹಾಗೂ ತೆರಿಗೆ ಜಾಲತಾಣಗಳ ಕೆಲಸವನ್ನಾದರೂ ಪರಿಷ್ಕರಣೆ ದೊರೆಯುವ ಎರಡನೆಯ ವ್ಯವಸ್ಥೆಯಲ್ಲಿ ನಡೆಸಲು ಈ ವಿಧಾನ ಅನುಕೂಲಕರ.

ಯಾವ ವ್ಯವಸ್ಥೆ?

ಹೊರಗಿನ ಡಿಸ್ಕಿನಿಂದ ವಿಂಡೋಸನ್ನೇ ನಡೆಸಲು ‘ವಿಂಡೋಸ್ ಟು ಗೋ’ ಎಂಬ ಸೌಲಭ್ಯ ಹಿಂದೆ ಇತ್ತು. ಅದು ದೊಡ್ಡ ಸಂಸ್ಥೆಗಳಿಗೆ ಉದ್ದೇಶಿತವಾಗಿತ್ತು. 2020ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಆದುದರಿಂದ ನಮಗೆ ಉಚಿತವಾಗಿಯೂ ಕಾನೂನುಬದ್ಧವಾಗಿಯೂ ಲಭ್ಯವಿರುವ ದಾರಿ ಲಿನಕ್ಸ್. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಗೆ ಇಂದು ಹಲವು ರೂಪಗಳಿವೆ. ವಿಂಡೋಸ್ ಬಳಸಿ ರೂಢಿಯಾದವರಿಗೆ ಲಿನಕ್ಸ್ ಮಿಂಟ್ ಸುಲಭ. ಕೆಳಗಿನ ಮೂಲೆಯ ಮೆನು, ಕಡತಗಳ ಕಿಟಕಿ ಎಲ್ಲವೂ ಪರಿಚಿತವಾಗಿಯೇ ಕಾಣುತ್ತವೆ. 2024ರ ಜುಲೈನಲ್ಲಿ ಬಂದ ಅದರ 22ನೆಯ ಆವೃತ್ತಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಯ ಭರವಸೆಯಿದೆ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಸಿದ್ಧಪಡಿಸಿದ ಬಾಸ್ ಎಂಬ ವ್ಯವಸ್ಥೆಯೂ ಲಿನಕ್ಸ್ ಆಧಾರಿತವೇ.

ಇದು ಕೇವಲ ತಂತ್ರಜ್ಞರ ಸ್ವತ್ತು ಎಂಬ ಅಳುಕು ಬೇಡ. ಕೇರಳದ ಶಾಲೆಗಳಲ್ಲಿ ಗಣಕ ಶಿಕ್ಷಣ ನಡೆಯುವುದು ಲಿನಕ್ಸ್ ಮೇಲೆಯೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಬಳಸಿ ಕಲಿಯುತ್ತಾರೆ. ಕನ್ನಡ ಬರೆಯಲು ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಬಳಕೆದಾರರಿಗೆ ಪರಿಚಿತವಾದ ‘ಕಗಪ’ ಕೀಲಿಮಣೆ ವಿನ್ಯಾಸ ಇದರಲ್ಲಿ ಲಭ್ಯವಿದೆ. ಆದರೆ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪಿಸಿದ ಪತ್ರಗಳು ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಮುಖ್ಯ ಪತ್ರಗಳನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು.

ಬೇಕಾಗುವ ಸಾಮಗ್ರಿ

1. ಯು.ಎಸ್.ಬಿ. 3.0 ಸಂಪರ್ಕದ, 256 ಜಿ.ಬಿ. ಸಾಮರ್ಥ್ಯದ ಹೊರಗಿನ ಎಸ್.ಎಸ್.ಡಿ. ತಿರುಗುವ ತಟ್ಟೆಯ ಸಾಮಾನ್ಯ ಹಾರ್ಡ್ ಡಿಸ್ಕಿನಿಂದಲೂ ಕೆಲಸ ನಡೆಯುತ್ತದೆ, ಆದರೆ ನಿಧಾನ. ಕಾರ್ಯಾಚರಣ ವ್ಯವಸ್ಥೆಯು ಸಾವಿರಾರು ಸಣ್ಣ ಕಡತಗಳನ್ನು ಅಲ್ಲಲ್ಲಿಂದ ಓದುತ್ತದೆ. ತಿರುಗುವ ಡಿಸ್ಕಿನ ಸೂಜಿ ಪ್ರತಿ ಬಾರಿಯೂ ಸ್ಥಾನ ಬದಲಿಸಬೇಕಾಗುತ್ತದೆ. ಪೆನ್ ಡ್ರೈವ್ ನಿತ್ಯ ಬಳಕೆಗೆ ಬಾಳಿಕೆ ಬರುವುದಿಲ್ಲ.
2. ಅನುಸ್ಥಾಪನೆಗಾಗಿ 8 ಜಿ.ಬಿ. ಅಥವಾ ಹೆಚ್ಚಿನ ಪೆನ್ ಡ್ರೈವ್ ಒಂದು.
3. ಕನಿಷ್ಠ 4 ಜಿ.ಬಿ. ಮೆಮೊರಿಯುಳ್ಳ ಗಣಕಯಂತ್ರ. ಡಿಸ್ಕನ್ನು ಯು.ಎಸ್.ಬಿ. 3.0 ಕಿಂಡಿಗೆ ಜೋಡಿಸಬೇಕು. ಹಲವು ಯಂತ್ರಗಳಲ್ಲಿ ಇದರ ಒಳಭಾಗ ನೀಲಿಯಾಗಿರುತ್ತದೆ. ಹಳೆಯ 2.0 ಕಿಂಡಿಯ ವೇಗ ಸೆಕೆಂಡಿಗೆ 480 ಮೆಗಾಬಿಟ್ ಆದರೆ 3.0ರದ್ದು 5,000 ಮೆಗಾಬಿಟ್.

ಪೂರ್ವಸಿದ್ಧತೆ

ಮೊದಲನೆಯದಾಗಿ, ವಿಂಡೋಸಿನಲ್ಲಿರುವ ಎಲ್ಲ ಲೆಕ್ಕಪತ್ರಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದುಕೊಳ್ಳಬೇಕು. ಎರಡನೆಯದಾಗಿ, ಯಂತ್ರದಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪೀಕರಣ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಇದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಆರಂಭದ ಸಂಯೋಜನೆಯನ್ನು ಬದಲಿಸಿದಾಗ ವಿಂಡೋಸ್ ಆ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದಿದ್ದರೆ ಒಳಗಿನ ಮಾಹಿತಿ ಶಾಶ್ವತವಾಗಿ ಕೈತಪ್ಪಬಹುದು. ಮೂರನೆಯದಾಗಿ, ವಿಂಡೋಸಿನ ಪವರ್ ಆಯ್ಕೆಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಅನ್ನು ನಿಲ್ಲಿಸಬೇಕು. ಅದು ಚಾಲ್ತಿಯಲ್ಲಿದ್ದರೆ ವಿಂಡೋಸ್ ಪೂರ್ಣವಾಗಿ ಮುಚ್ಚಿರುವುದಿಲ್ಲ. ಆ ಸ್ಥಿತಿಯಲ್ಲಿ ಲಿನಕ್ಸಿನಿಂದ ಒಳಗಿನ ಡಿಸ್ಕಿಗೆ ಬರೆದರೆ ಕಡತಗಳು ಹಾಳಾಗಬಹುದು.

ಅಳವಡಿಸುವ ಕ್ರಮ

ಲಿನಕ್ಸ್ ಮಿಂಟಿನ ಅಧಿಕೃತ ತಾಣದಿಂದ ಅದರ ಕಡತವನ್ನು ಇಳಿಸಿಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್ ಡ್ರೈವಿಗೆ ಬರೆಯಬೇಕು. ಪೆನ್ ಡ್ರೈವಿನಲ್ಲಿ ಮೊದಲಿದ್ದ ಮಾಹಿತಿ ಅಳಿಸಿಹೋಗುತ್ತದೆ. ಬಳಿಕ ಯಂತ್ರವನ್ನು ಆರಂಭಿಸುವಾಗಲೇ ಬೂಟ್ ಮೆನುವಿನ ಕೀಲಿಯನ್ನು ಒತ್ತಿ ಪೆನ್ ಡ್ರೈವನ್ನು ಆರಿಸಬೇಕು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಎಫ್ 12, ಎಚ್.ಪಿ.ಯಲ್ಲಿ ಎಫ್ 9. ಈ ಹಂತದಲ್ಲಿ ಏನನ್ನೂ ಅಳವಡಿಸದೆಯೇ ವ್ಯವಸ್ಥೆಯನ್ನು ಪರೀಕ್ಷಿಸಬಹುದು. ಅಂತರ್ಜಾಲ ಸಿಗುತ್ತದೆಯೇ, ಮುದ್ರಣಯಂತ್ರ ನಡೆಯುತ್ತದೆಯೇ ಎಂಬುದನ್ನು ಈಗಲೇ ನೋಡಿಕೊಳ್ಳಬೇಕು.

ಅನಂತರದ್ದು ಅತ್ಯಂತ ಎಚ್ಚರಿಕೆಯ ಹಂತ. ಈ ಲೇಖಕನು ತನ್ನ ಕಚೇರಿಯಲ್ಲಿ ಮೊದಲ ಬಾರಿ ಇದನ್ನು ಮಾಡಿದಾಗ ಹೊರಗಿನ ಡಿಸ್ಕನ್ನೇ ಸರಿಯಾಗಿ ಆರಿಸಿದ್ದನು. ಆದರೆ ಯಂತ್ರವನ್ನು ಆರಂಭಿಸುವ ಸಣ್ಣ ಭಾಗ, ಅಂದರೆ ಬೂಟ್ ಲೋಡರ್, ತಿಳಿಯದಂತೆ ಒಳಗಿನ ಡಿಸ್ಕಿಗೆ ಹೋಗಿ ಕುಳಿತಿತು. ಮರುದಿನ ಹೊರಗಿನ ಡಿಸ್ಕನ್ನು ಮನೆಯಲ್ಲಿ ಬಿಟ್ಟು ಬಂದು ಯಂತ್ರ ಹಚ್ಚಿದರೆ ಕಪ್ಪು ಪರದೆಯ ಮೇಲೆ ಒಂದು ಪದ ಮಾತ್ರ ಮಿನುಗುತ್ತಿತ್ತು, ವಿಂಡೋಸ್ ಕಾಣಲಿಲ್ಲ. ಬೂಟ್ ಮೆನುವಿನಿಂದ ವಿಂಡೋಸನ್ನು ಆರಿಸಬಹುದೆಂದು ತಿಳಿಯುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು. ಆಪತ್ತಿಗೆಂದು ಮಾಡಿದ ಏರ್ಪಾಡೇ ಆಪತ್ತು ತಂದಿತ್ತು.

ಇದಕ್ಕೆ ಖಚಿತ ಪರಿಹಾರವೊಂದಿದೆ. ಅನುಸ್ಥಾಪನೆಯ ಅವಧಿಯಲ್ಲಿ ಒಳಗಿನ ಡಿಸ್ಕ್ ಯಂತ್ರಕ್ಕೆ ಕಾಣದಂತಿರಬೇಕು. ಮೇಜಿನ ಯಂತ್ರವಾದರೆ ವಿದ್ಯುತ್ ಸಂಪರ್ಕವನ್ನು ಪೂರ್ಣ ತೆಗೆದು, ಒಳಗಿನ ಡಿಸ್ಕಿನ ತಂತಿಯನ್ನು ಬಿಚ್ಚಿಡಬೇಕು. ಲ್ಯಾಪ್‌ಟಾಪ್ ಆದರೆ ಬಲ್ಲವರ ಸಹಾಯ ಪಡೆಯಬೇಕು. ಆಗ ‘ಡಿಸ್ಕನ್ನು ಪೂರ್ಣ ಅಳಿಸಿ ಅಳವಡಿಸು’ ಎಂಬ ಆಯ್ಕೆಯನ್ನು ನಿರ್ಭಯವಾಗಿ ಕೊಡಬಹುದು. ಅಳಿಸಲು ಹೊರಗಿನ ಡಿಸ್ಕ್ ಹೊರತು ಬೇರೊಂದು ಇರುವುದಿಲ್ಲ. ಅದೇ ಸಮಯದಲ್ಲಿ ಡಿಸ್ಕಿನ ಗೂಢಲಿಪೀಕರಣವನ್ನೂ ಆರಿಸಿ, ಗುಪ್ತಪದ ಇಡುವುದು ಸೂಕ್ತ. ಅಂಗೈಯಗಲದ ಡಿಸ್ಕ್ ಕಳೆದುಹೋದರೂ ವ್ಯವಹಾರದ ಗುಟ್ಟು ಹೊರಬೀಳದು.

ಕೆಲಸ ಮುಗಿದ ಮೇಲೆ ಮೂರು ಪರೀಕ್ಷೆಗಳು ಅಗತ್ಯ: ಹೊರಗಿನ ಡಿಸ್ಕ್ ಇಲ್ಲದೆ ವಿಂಡೋಸ್ ತೆರೆಯಬೇಕು; ಡಿಸ್ಕ್ ಜೋಡಿಸಿದಾಗ ಲಿನಕ್ಸ್ ತೆರೆಯಬೇಕು; ಅದೇ ಡಿಸ್ಕ್ ಇನ್ನೊಂದು ಯಂತ್ರದಲ್ಲಿಯೂ ತೆರೆಯಬೇಕು. ಮೂರನೆಯದು ಸಾಧ್ಯವಾದರೆ, ಯಂತ್ರವೇ ಸುಟ್ಟುಹೋದ ದಿನ ನೆರೆಯವರ ಯಂತ್ರದಲ್ಲಿ ನಮ್ಮ ಕೆಲಸ ನಡೆಯುತ್ತದೆ.

ಆಪತ್ತಿನ ದಿನದ ಕಾರ್ಯವಿಧಾನ

ಇ-ವೇ ಬಿಲ್ ತಾಣ, ಜಿ.ಎಸ್.ಟಿ. ತಾಣ, ಬ್ಯಾಂಕ್ ತಾಣ ಇವೆಲ್ಲವೂ ಬ್ರೌಸರ್ ಮೂಲಕ ನಡೆಯುವುದರಿಂದ ಲಿನಕ್ಸಿನಲ್ಲಿಯೂ ತೆರೆಯುತ್ತವೆ. ಬಿಲ್ ಸಿದ್ಧಪಡಿಸಲು ಲಿಬ್ರೆ ಆಫೀಸಿನ ಲೆಕ್ಕದ ಹಾಳೆ ಸಾಕು. ಮಾದರಿ ಬಿಲ್ಲನ್ನು ಮೊದಲೇ ಮಾಡಿಟ್ಟಿರಬೇಕು. ಟ್ಯಾಲಿಯಂತಹ ವಿಂಡೋಸ್ ತಂತ್ರಾಂಶವನ್ನು ಇಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಆದುದರಿಂದ ಪ್ರತಿ ಸಂಜೆ ಟ್ಯಾಲಿಯ ಬ್ಯಾಕಪ್ ಜೊತೆಗೆ ಗಿರಾಕಿಗಳ ಬಾಕಿ ಪಟ್ಟಿ ಹಾಗೂ ದಾಸ್ತಾನಿನ ಪಟ್ಟಿಯನ್ನು ಎಕ್ಸೆಲ್ ಅಥವಾ ಪಿ.ಡಿ.ಎಫ್. ರೂಪದಲ್ಲಿ ಪೆನ್ ಡ್ರೈವೊಂದಕ್ಕೆ ತೆಗೆದಿಡಬೇಕು.

ಬಿಲ್ಲಿನ ಕ್ರಮಸಂಖ್ಯೆಯ ಬಗೆಗೆ ಸಂದೇಹ ಬರುವುದು ಸಹಜ. ಜಿ.ಎಸ್.ಟಿ. ನಿಯಮ 46ರ ಪ್ರಕಾರ ಸಂಖ್ಯೆಯು ಅನುಕ್ರಮವಾಗಿದ್ದು, 16 ಅಕ್ಷರಗಳನ್ನು ಮೀರದೆ, ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗದಂತಿರಬೇಕು. ಒಂದಕ್ಕಿಂತ ಹೆಚ್ಚು ಸರಣಿಗಳಿಗೆ ಅವಕಾಶವಿದೆ. ಆದುದರಿಂದ ಆಪತ್ತಿನ ಬಿಲ್ಲುಗಳಿಗೆ ಪ್ರತ್ಯೇಕ ಸರಣಿ ಇಟ್ಟುಕೊಂಡು, ವಿಂಡೋಸ್ ಸರಿಯಾದ ಮೇಲೆ ಅವುಗಳನ್ನು ಟ್ಯಾಲಿಗೆ ಏರಿಸಿದರೆ ಗೊಂದಲವಾಗದು. ಇ-ಇನ್‌ವಾಯ್ಸ್ ಕಡ್ಡಾಯವಿರುವವರು ತಮ್ಮ ಲೆಕ್ಕ ಪರಿಶೋಧಕರೊಡನೆ ಮೊದಲೇ ಸಮಾಲೋಚಿಸಬೇಕು. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದು ಲಿನಕ್ಸಿನಲ್ಲಿ ನಡೆಯುವುದೇ ಎಂದು ಮುಂಚಿತವಾಗಿ ಪರೀಕ್ಷಿಸಬೇಕು.

ಗಮನದಲ್ಲಿಡಬೇಕಾದ ಎಚ್ಚರಿಕೆಗಳು

ಎರಡನೆಯ ವ್ಯವಸ್ಥೆ ಎಂದರೆ ಬ್ಯಾಕಪ್ ಅಲ್ಲ. ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂದು ಜಿ.ಎಸ್.ಟಿ. ಕಾನೂನಿನ 36ನೆಯ ಕಲಮು ವಿಧಿಸುತ್ತದೆ. ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದ ನಾಶವಾದರೂ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಡಬೇಕೆಂದು ನಿಯಮ 57 ಹೇಳುತ್ತದೆ. ಹೊರಗಿನ ಡಿಸ್ಕಿನ ಲಿನಕ್ಸ್ ಕೆಲಸವನ್ನು ನಡೆಸುತ್ತದೆ. ದಾಖಲೆಗಳನ್ನು ಉಳಿಸುವುದು ಬೇರೆ ಡಿಸ್ಕಿನ ಕೆಲಸ.

ವಿಂಡೋಸ್ ನಡೆಯುತ್ತಿರುವಾಗ ಈ ಡಿಸ್ಕನ್ನು ಜೋಡಿಸಬಾರದು. ಲಿನಕ್ಸಿನ ವಿಭಾಗಗಳನ್ನು ಓದಲಾರದ ವಿಂಡೋಸ್, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುವುದುಂಟು. ಅರಿಯದೆ ಒಪ್ಪಿದರೆ ಎಲ್ಲವೂ ಅಳಿಯುತ್ತದೆ. ಲಿನಕ್ಸ್ ನಡೆಯುವಾಗ ತಂತಿಯನ್ನು ಅಲುಗಿಸಬಾರದು. ಲಿನಕ್ಸಿನಿಂದ ವಿಂಡೋಸಿಗೆ ಮರಳಿದಾಗ ಗಡಿಯಾರ 5 ಗಂಟೆ 30 ನಿಮಿಷ ಹಿಂದೆ ಬೀಳಬಹುದು. ಲಿನಕ್ಸ್ ಯಂತ್ರದ ಗಡಿಯಾರವನ್ನು ಗ್ರೀನ್‌ವಿಚ್ ಕಾಲಕ್ಕೆ ಹೊಂದಿಸುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಕಾಲವೆಂದು ಓದುತ್ತದೆ. ಬಿಲ್ ಮುದ್ರಿಸುವ ಮೊದಲು ಸಮಯವನ್ನು ಸರಿಪಡಿಸಬೇಕು.

ಉಪಸಂಹಾರ

ಬಳಸದೆ ಇಟ್ಟ ಜನರೇಟರ್ ಬೇಕಾದ ದಿನ ಹೊತ್ತಿಕೊಳ್ಳದಿರುವುದು ನಮಗೆಲ್ಲ ಅನುಭವವೇದ್ಯ. ಈ ಡಿಸ್ಕಿನ ಮಾತೂ ಹಾಗೆಯೇ. ತಿಂಗಳಿಗೊಮ್ಮೆ ಅದರಿಂದ ಯಂತ್ರವನ್ನು ಆರಂಭಿಸಿ, ಪರಿಷ್ಕರಣೆಗಳನ್ನು ಇಳಿಸಿ, ಒಂದು ಮಾದರಿ ಬಿಲ್ ಮುದ್ರಿಸಿ, ಮತ್ತೆ ತಿಜೋರಿಯಲ್ಲಿಡಬೇಕು. ಬೂಟ್ ಮೆನುವಿನ ಕೀಲಿ ಯಾವುದೆಂದು ಚೀಟಿ ಬರೆದು ಯಂತ್ರಕ್ಕೆ ಅಂಟಿಸಬೇಕು. ಮಾಲೀಕರೊಬ್ಬರಿಗೇ ಅಲ್ಲದೆ, ಲೆಕ್ಕ ಬರೆಯುವ ಗುಮಾಸ್ತರಿಗೂ ಈ ಕ್ರಮ ಕೈವಶವಾಗಿರಬೇಕು. ಲಾರಿ ಬಾಗಿಲಲ್ಲಿ ನಿಂತ ಮೇಲೆ ಕಲಿಯುವ ವಿದ್ಯೆ ಇದಲ್ಲ. ಹಂಗಾಮು ಇಲ್ಲದ, ಕೈ ಬಿಡುವಾಗಿರುವ ದಿನಗಳಲ್ಲಿ ಸದಸ್ಯರು ಇದನ್ನು ಸಿದ್ಧಪಡಿಸಿಕೊಂಡರೆ, ಒಂದು ಡಿಸ್ಕಿನ ಬೆಲೆಯಲ್ಲಿ ಹಂಗಾಮಿನ ನಿಶ್ಚಿಂತೆಯನ್ನು ಪಡೆದಂತಾಗುತ್ತದೆ.